ಕೇಳುವ ಹಕ್ಕು ಮತ್ತು ಕನ್ನಡ ಮಾತಾಡುವ ಯಂತ್ರ

(ಕ್ಲೈನ್‌ಬರ್ಗ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಕೂಟದಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ಸಾಹಿತ್ಯ, ಚಳವಳಿ, ಊರಿನ ರಾಜಕೀಯ, ಇವುಗಳ ಕುರಿತು ಮಾತನಾಡಲು ಸೇರುವ ಈ ಕೂಟದಲ್ಲಿ ನಾನು ತಂತ್ರಾಂಶವೊಂದರ ಬಗ್ಗೆ ಮಾತನಾಡುತ್ತೇನೆಂದಾಗ, ಗೆಳೆಯರೊಬ್ಬರು ‘ಇದರಲ್ಲಿ ರಾಜಕೀಯ ಏನಿದೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಣ್ಣು ಕಾಣದವರು ಕಂಪ್ಯೂಟರಿನಲ್ಲಿ ಕನ್ನಡವನ್ನು ಹೇಗೆ ಓದುತ್ತಾರೆ, ಓದಿಸುವ ಯಂತ್ರದ ದನಿಯನ್ನು ಯಾರು ಮಾಡಿದರು, ಅದನ್ನು ಸರಿಪಡಿಸಿಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಇಂದಿನ ನನ್ನ ವಿಷಯ. ಓದುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಗಿಂತ ಹಳೆಯ ರಾಜಕೀಯ ಪ್ರಶ್ನೆ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ.

ಗೌತಮ ಧರ್ಮಸೂತ್ರವನ್ನು ನೆನಪಿಸಿಕೊಳ್ಳಿ. ಶೂದ್ರನೊಬ್ಬ ವೇದವನ್ನು ಆಲಿಸಿದರೆ ಅವನ ಕಿವಿಗೆ ಕಾಸಿದ ತವರ ಮತ್ತು ಅರಗನ್ನು ಸುರಿಯಬೇಕೆಂದು ಅದು ವಿಧಿಸುತ್ತದೆ. ಅಲ್ಲಿ ಶಿಕ್ಷೆಯಾಗುವುದು ಕಣ್ಣಿಗಲ್ಲ, ಕಿವಿಗೆ. ಅರಿವು ಕಿವಿಯ ಮೂಲಕವೇ ಒಳಗೆ ಬರುತ್ತದೆ ಎಂಬುದನ್ನು ಅರಿವನ್ನು ಬಚ್ಚಿಟ್ಟವರು ಚೆನ್ನಾಗಿಯೇ ಬಲ್ಲವರಾಗಿದ್ದರು. ಇದಕ್ಕೆ ಎದುರಾಗಿ ನಮ್ಮಲ್ಲಿ ಇನ್ನೊಂದು ಪರಂಪರೆಯೂ ಇದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಓದು ಕಲಿಯದೆಯೂ ಕಾವ್ಯದಲ್ಲಿ ಪಳಗಿದ ಕನ್ನಡ ಜನರನ್ನು ಮೆಚ್ಚಿಕೊಳ್ಳುತ್ತದೆ. ಕುಮಾರವ್ಯಾಸನ ಭಾರತ ಶತಮಾನಗಳ ಕಾಲ ಬದುಕಿದ್ದು ಗಮಕಿಗಳ ಕಂಠದಲ್ಲಿ, ಕೇಳುಗರ ಕಿವಿಯಲ್ಲಿ. ಒಬ್ಬರು ಓದುವುದು, ಹತ್ತು ಜನ ಕೇಳುವುದು ನಮಗೆ ಹೊಸದಲ್ಲ. ಹೊಸದೇನೆಂದರೆ, ಓದಿ ಹೇಳುವ ಇನ್ನೊಬ್ಬರಿಗಾಗಿ ಕಾಯದೆ, ತನಗೆ ಬೇಕಾದ ಪುಸ್ತಕವನ್ನು ತನಗೆ ಬೇಕಾದ ಹೊತ್ತಿನಲ್ಲಿ, ಯಾರಿಗೂ ತಿಳಿಯದಂತೆ ಓದಿಕೊಳ್ಳುವ ಸಾಧ್ಯತೆ. ಈ ಏಕಾಂತವೇ ಆಧುನಿಕ ಓದಿನ ಸಾರ. ಕಣ್ಣಿರುವ ನಮಗೆ ಅದು ಎಷ್ಟು ಸಹಜವೆಂದರೆ, ಅದೊಂದು ಹಕ್ಕು ಎಂಬುದೇ ಮರೆತುಹೋಗಿದೆ.

ಕರ್ನಾಟಕದಲ್ಲಿ ಅಂಧರ ಬದುಕಿನ ಮಾತು ಬಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಬಾರದೆ ಇರದು. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಸ್ವತಃ ಅಂಧರು. ನೂರಾರು ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟವರು. ಅವರ ಋಣ ದೊಡ್ಡದು. ಆದರೆ ಸಮಾಜ ಅದರಿಂದ ತನಗೆ ಅನುಕೂಲವಾದ ಪಾಠವೊಂದನ್ನು ಕಲಿತುಕೊಂಡಿತು: ಕಣ್ಣಿಲ್ಲದವರಿಗೆ ಸಂಗೀತವಿದೆಯಲ್ಲ, ಅಷ್ಟು ಸಾಕು. ಕಣ್ಣಿಲ್ಲದ ಹುಡುಗಿಯೊಬ್ಬಳಿಗೆ ಸಂಗೀತ ಬೇಡವಾಗಿರಬಹುದು, ಕಾನೂನು ಓದಬೇಕಾಗಿರಬಹುದು, ಲೆಕ್ಕಪತ್ರ ಬರೆಯಬೇಕಾಗಿರಬಹುದು, ಕತೆ ಬರೆಯಬೇಕಾಗಿರಬಹುದು ಎಂಬುದು ಸಮಾಜದ ಊಹೆಗೆ ಬರಲಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅವರೆಲ್ಲ ಹಾಡಬೇಕೆಂದು ನಿರೀಕ್ಷಿಸುವುದು ಎಂಥ ನ್ಯಾಯ?

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ತಾಂತ್ರಿಕ ಪದಗಳು ಬರುತ್ತವೆ, ದಯವಿಟ್ಟು ಸಹಿಸಿಕೊಳ್ಳಿ. ಇಲ್ಲಿ ಕುಳಿತಿರುವವರಲ್ಲಿ ಅರ್ಧದಷ್ಟು ಜನ ಕಂಪ್ಯೂಟರಿನಿಂದಲೇ ಅನ್ನ ತಿನ್ನುವವರು, ಆದುದರಿಂದ ನನಗೆ ಧೈರ್ಯ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವಾಗ ಮೂರು ತಂತ್ರಾಂಶಗಳು ಒಂದರ ಬೆನ್ನಿಗೆ ಒಂದು ನಿಂತು ಕೆಲಸ ಮಾಡುತ್ತವೆ. ಮೊದಲನೆಯದು ಸ್ಕ್ರೀನ್ ರೀಡರ್. ಪರದೆಯ ಮೇಲೆ ಏನಿದೆ, ಕರ್ಸರ್ ಎಲ್ಲಿದೆ, ಈಗ ಒತ್ತಿದ ಕೀಲಿ ಯಾವುದು, ಮುಂದಿರುವುದು ಗುಂಡಿಯೋ ಕೊಂಡಿಯೋ ಶೀರ್ಷಿಕೆಯೋ ಎಂಬುದನ್ನೆಲ್ಲ ಪತ್ತೆಹಚ್ಚಿ, ಅದನ್ನು ಮಾತಿನ ಸಾಲಾಗಿಸುವುದು ಅದರ ಕೆಲಸ. ಲಿನಕ್ಸ್‌ನ ಗ್ನೋಮ್ ಪರಿಸರದಲ್ಲಿ ಇದರ ಹೆಸರು ಓರ್ಕಾ. ಮೂರನೆಯದು ಧ್ವನಿ ಸಂಶ್ಲೇಷಕ; ಅಕ್ಷರಗಳನ್ನು ದನಿಯಾಗಿ ಮಾರ್ಪಡಿಸುವ ಯಂತ್ರ. ಇಸ್ಪೀಕ್ ಎನ್‌ಜಿ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಇವೆರಡರ ನಡುವೆ ನಿಂತು, ಯಾವ ಮಾತು ಯಾವ ಸಂಶ್ಲೇಷಕಕ್ಕೆ, ಯಾವ ಭಾಷೆಯಲ್ಲಿ, ಯಾವ ವೇಗದಲ್ಲಿ ಹೋಗಬೇಕೆಂದು ತೀರ್ಮಾನಿಸುವ ಮಧ್ಯವರ್ತಿಯ ಹೆಸರು ಸ್ಪೀಚ್ ಡಿಸ್ಪ್ಯಾಚರ್. ಇದು ಚೆಕ್ ದೇಶದ ಬ್ರೈಲ್‌ಕಾಮ್ ಎಂಬ ಸಂಸ್ಥೆಯಲ್ಲಿ ಹುಟ್ಟಿದ್ದು.

ಈ ಮೂರರ ಹಿಂದೆಯೂ ಒಂದೊಂದು ಕತೆಯಿದೆ. ಜೊನಾಥನ್ ಡಡಿಂಗ್ಟನ್ ಎಂಬವರು 1995ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪ್ಯೂಟರಿಗಾಗಿ ಬರೆದ ಪುಟ್ಟ ತಂತ್ರಾಂಶವೇ ಮುಂದೆ ಇಸ್ಪೀಕ್ ಆಯಿತು. 2015ರ ಕೊನೆಯಲ್ಲಿ ರೀಸ್ ಡನ್ ಮತ್ತಿತರರು ಅದನ್ನು ಇಸ್ಪೀಕ್ ಎನ್‌ಜಿ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇಂದು ಅದು ಕನ್ನಡವೂ ಸೇರಿ ನೂರಕ್ಕೂ ಹೆಚ್ಚು ಭಾಷೆಗಳನ್ನು ಮಾತಾಡುತ್ತದೆ. ಓರ್ಕಾವನ್ನು ಆರಂಭಿಸಿದವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಮಾರ್ಕ್ ಮಲ್ಕಾಹಿ, ಸ್ವತಃ ಅಂಧರು. ವಿಂಡೋಸ್‌ಗಾಗಿ ಎನ್‌ವಿಡಿಎ ಎಂಬ ಮುಕ್ತ ಸ್ಕ್ರೀನ್ ರೀಡರನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಕೂಡ ಅಂಧರೇ. ಅದರೊಳಗಿನ ದನಿಗಳಲ್ಲೂ ಇದೇ ಇಸ್ಪೀಕ್ ಇದೆ. 1995ರಲ್ಲಿ ಇಮ್ಯಾಕ್ಸ್‌ಸ್ಪೀಕ್ ರಚಿಸಿದ ಟಿ. ವಿ. ರಾಮನ್ ಅವರು ಪುಣೆಯಲ್ಲಿ ಬೆಳೆದವರು, ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಂಡವರು. ಅಂದರೆ, ಈ ಉಪಕರಣಗಳು ಕಣ್ಣಿದ್ದವರು ಕರುಣೆಯಿಂದ ಕೊಟ್ಟ ದಾನವಲ್ಲ. ಅಗತ್ಯವಿದ್ದವರೇ ಮುಂದೆ ನಿಂತು ಕಟ್ಟಿಕೊಂಡವು, ಮತ್ತು ಕಟ್ಟಿ ಎಲ್ಲರಿಗೂ ಬಿಟ್ಟವು.

ಎಲ್ಲರಿಗೂ ಬಿಟ್ಟದ್ದರ ಬೆಲೆ 2010ರಲ್ಲಿ ಗೊತ್ತಾಯಿತು. ಆ ವರ್ಷ ಸನ್ ಸಂಸ್ಥೆಯನ್ನು ಓರಾಕಲ್ ಕೊಂಡುಕೊಂಡಿತು. ಓರ್ಕಾದ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವರು ಕೆಲಸ ಕಳೆದುಕೊಂಡರು. ಅದು ಖಾಸಗಿ ಸೊತ್ತಾಗಿದ್ದರೆ ಅಂದೇ ಬಾಗಿಲು ಮುಚ್ಚಿ, ಸಾವಿರಾರು ಜನರ ಕಂಪ್ಯೂಟರು ಮೂಕವಾಗುತ್ತಿತ್ತು. ಆದರೆ ಅದರ ಆಕರ ಸಂಕೇತ ಎಲ್ಲರ ಕೈಯಲ್ಲಿತ್ತು. ಜೋನ್‌ಮೇರಿ ಡಿಗ್ಸ್ ಎಂಬವರು ಅದನ್ನು ಮುನ್ನಡೆಸಿದರು. ಇಂದಿಗೂ ಅದು ಬದುಕಿದೆ. ಉತ್ಪಾದನೆಯ ಸಾಧನಗಳು ಯಾರ ಒಡೆತನದಲ್ಲಿರಬೇಕೆಂಬ ಪ್ರಶ್ನೆಯನ್ನು ಕಾರ್ಖಾನೆಗೆ ಸಂಬಂಧಿಸಿಯೇ ಚರ್ಚಿಸಿ ಅಭ್ಯಾಸವಾದ ನಮಗೆ, ಮಾತಿನ ಸಾಧನಗಳ ಒಡೆತನವೂ ಅದೇ ಪ್ರಶ್ನೆ ಎಂದು ಹೊಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಟೊರೊಂಟೊಗೂ ಇದರಲ್ಲಿ ಪಾಲಿದೆ. ಕೈ ಆಡಿಸಲು ಕಷ್ಟಪಡುವವರಿಗಾಗಿ ಗ್ನೋಮ್‌ನಲ್ಲಿದ್ದ ಪರದೆ-ಕೀಲಿಮಣೆಯನ್ನು ರೂಪಿಸಿದ್ದು ಟೊರೊಂಟೊ ವಿಶ್ವವಿದ್ಯಾಲಯದ ಕೇಂದ್ರವೊಂದು. ಯುಟ್ಟಾ ಟ್ರೆವಿರಾನಸ್ ಅವರ ನೇತೃತ್ವದ ಆ ಕೇಂದ್ರ ಇಂದು ಒಕ್ಯಾಡ್ ವಿಶ್ವವಿದ್ಯಾಲಯದಲ್ಲಿ ಮುಂದುವರಿದಿದೆ. ಇನ್ನು, ನಮ್ಮಲ್ಲಿ ಅನೇಕರು ವಾನ್ ಮೆಟ್ರೊಪಾಲಿಟನ್ ಸೆಂಟರಿನಲ್ಲಿ ರೈಲು ಹತ್ತಿ ಪೇಟೆಗೆ ಹೋಗುವವರು. ಪ್ರತಿ ನಿಲ್ದಾಣದ ಹೆಸರನ್ನೂ ದನಿಯೊಂದು ಹೇಳುತ್ತದೆ. ನಾವು ಕಿವಿಗೊಡುವುದೂ ಇಲ್ಲ. ಆ ದನಿ ತಾನಾಗಿ ಬಂದದ್ದಲ್ಲ. ಡೇವಿಡ್ ಲೆಪೊಫ್‌ಸ್ಕಿ ಎಂಬ ಅಂಧ ವಕೀಲರು ಟಿಟಿಸಿಯ ವಿರುದ್ಧ ಒಂಟಾರಿಯೊದ ಮಾನವ ಹಕ್ಕುಗಳ ನ್ಯಾಯಮಂಡಳಿಯಲ್ಲಿ ಎರಡು ಸಲ ಹೋರಾಡಿ, 2005ರಲ್ಲಿ ಸುರಂಗ ರೈಲಿಗೂ 2007ರಲ್ಲಿ ಬಸ್ಸು-ಟ್ರಾಮುಗಳಿಗೂ ನಿಲ್ದಾಣ ಕೂಗಿ ಹೇಳಬೇಕೆಂಬ ಆದೇಶ ಪಡೆದ ಮೇಲೆ ಬಂದದ್ದು. ಈಗ ಅದರಿಂದ ಉಪಕಾರವಾಗುತ್ತಿರುವುದು ಊರಿಗೆ ಹೊಸಬರಾದ ಎಲ್ಲರಿಗೂ. ಇಂಗ್ಲಿಷ್ ಫಲಕ ಓದಲು ಬಾರದ, ಊರಿನಿಂದ ಬಂದ ನಮ್ಮ ತಾಯಂದಿರಿಗೂ.

ಕನ್ನಡದ ಮಾತಿಗೆ ಬರೋಣ. ನನ್ನ ಪರಿಚಯದ ಹಿರಿಯರೊಬ್ಬರು ಮಗಳ ಮನೆಯಲ್ಲಿ ನೆಲೆಸಿದ್ದಾರೆ. ನಿವೃತ್ತ ಮೇಷ್ಟ್ರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿಂದುಹಾಕಿತು. ಇಲ್ಲಿನ ವ್ಯವಸ್ಥೆ ಅವರಿಗೆ ಬಿಳಿಕೋಲು ಕೊಟ್ಟಿತು, ತರಬೇತಿ ಕೊಟ್ಟಿತು, ಇಂಗ್ಲಿಷ್ ಮಾತಾಡುವ ಫೋನನ್ನೂ ತೋರಿಸಿಕೊಟ್ಟಿತು. ಆದರೆ ಅವರು ಓದಬೇಕಾದದ್ದು ಕನ್ನಡ. ‘ಕಣ್ಣು ಹೋದದ್ದಕ್ಕೆ ಅಳು ಬರಲಿಲ್ಲ, ಪತ್ರಿಕೆ ಹೋಯಿತಲ್ಲ ಎಂದು ಬಂತು’ ಎಂದರು. ಅವರಿಗಾಗಿ ಹಳೆಯ ಲ್ಯಾಪ್‌ಟಾಪೊಂದಕ್ಕೆ ಡೆಬಿಯನ್ ಹಾಕಿ, ಓರ್ಕಾ ಮತ್ತು ಇಸ್ಪೀಕ್‌ನ ಕನ್ನಡ ದನಿಯನ್ನು ಹೊಂದಿಸಿದೆವು. ಮೊದಲ ಸಲ ಕೇಳಿದಾಗ ಅವರ ಮಾತು: ‘ಇದ್ಯಾರಪ್ಪ, ಮೂಗು ಹಿಡಿದುಕೊಂಡು ಪಾಠ ಒಪ್ಪಿಸ್ತಿರೋನು?’ ಮೂರನೆಯ ವಾರಕ್ಕೆ ಅವರು ಆ ದನಿಯ ವೇಗವನ್ನು ನಮಗೆ ಅರ್ಥವಾಗದಷ್ಟು ಹೆಚ್ಚಿಸಿಕೊಂಡಿದ್ದರು.

ಅವರಿಗೆ ಹೊಂದಿಸುವಾಗ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿಯೂ ಬೇಕಾಗಬಹುದು.

ಮೊದಲನೆಯದಾಗಿ, ಡೆಬಿಯನ್‌ನಂಥ ವ್ಯವಸ್ಥೆಯನ್ನು ಕಣ್ಣು ಕಾಣದವರು ತಾವೇ ಸ್ಥಾಪಿಸಿಕೊಳ್ಳಬಲ್ಲರು. ಸ್ಥಾಪನೆ ಆರಂಭವಾದಾಗ ಎಸ್ ಕೀಲಿ ಒತ್ತಿ ಎಂಟರ್ ಒತ್ತಿದರೆ ಅದು ಮಾತಾಡುತ್ತಲೇ ಮುಂದುವರಿಯುತ್ತದೆ. ಗ್ನೋಮ್‌ನಲ್ಲಿ ಆಲ್ಟ್, ಸೂಪರ್, ಎಸ್ ಈ ಮೂರನ್ನು ಒಟ್ಟಿಗೆ ಒತ್ತಿದರೆ ಓರ್ಕಾ ಎಚ್ಚರಗೊಳ್ಳುತ್ತದೆ. ಇನ್ಸರ್ಟ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ಅದರ ಆಯ್ಕೆಗಳ ಕಿಟಕಿ ತೆರೆಯುತ್ತದೆ. ಅಲ್ಲಿ ಯಾವ ಸಂಶ್ಲೇಷಕ, ಯಾವ ದನಿ, ಎಷ್ಟು ವೇಗ, ಎಷ್ಟು ಸ್ಥಾಯಿ, ಲೇಖನ ಚಿಹ್ನೆಗಳನ್ನು ಎಷ್ಟರಮಟ್ಟಿಗೆ ಹೇಳಬೇಕು ಎಂಬುದನ್ನೆಲ್ಲ ನಿಗದಿಮಾಡಬಹುದು.

ಎರಡನೆಯದಾಗಿ, ಕನ್ನಡ ಕೇಳಿಸದಿದ್ದರೆ ದೋಷವೆಲ್ಲಿದೆಯೆಂದು ಕೆಳಗಿನಿಂದ ಮೇಲಕ್ಕೆ ಹುಡುಕಬೇಕು. ಟರ್ಮಿನಲ್ಲಿನಲ್ಲಿ ಇಸ್ಪೀಕ್‌ಗೆ ಕನ್ನಡದ ಎರಡಕ್ಷರದ ಸಂಕೇತವಾದ ‘ಕೆಎನ್’ ಅನ್ನು ಕೊಟ್ಟು ನೇರವಾಗಿ ಒಂದು ವಾಕ್ಯವನ್ನು ಹೇಳಿಸಿ. ಹೇಳಿದರೆ ಸಂಶ್ಲೇಷಕ ಸರಿಯಿದೆ ಎಂದಾಯಿತು. ಅನಂತರ ಅದೇ ವಾಕ್ಯವನ್ನು ಸ್ಪೀಚ್ ಡಿಸ್ಪ್ಯಾಚರಿನ ಮೂಲಕ ಹೇಳಿಸಿ. ಅಲ್ಲಿ ಸದ್ದಿಲ್ಲದಿದ್ದರೆ ಅದರ ಸಂರಚನಾ ಕಡತದಲ್ಲಿ ಕನ್ನಡಕ್ಕೆ ಯಾವ ಸಂಶ್ಲೇಷಕವೆಂಬ ಸಾಲು ತಪ್ಪಿರುತ್ತದೆ ಅಥವಾ ಇರುವುದೇ ಇಲ್ಲ. ಅದೂ ಸರಿಯಿದ್ದು ಓರ್ಕಾ ಮಾತ್ರ ಮೌನವಾಗಿದ್ದರೆ ದೋಷ ಓರ್ಕಾದ ಆಯ್ಕೆಯಲ್ಲಿದೆ. ಮೂರೂ ಸರಿಯಿದ್ದರೆ? ಆಗ ದೋಷ ಪಠ್ಯದಲ್ಲಿದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿತಸ್ಥರು ಬರೆಯುವವರು.

ಮೂರನೆಯದಾಗಿ, ನಮ್ಮಂಥವರ ಬದುಕು ದ್ವಿಭಾಷೆಯದು. ಒಂದೇ ಪತ್ರದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಇಂಗ್ಲಿಷ್ ದನಿಯನ್ನು ಆಯ್ದುಕೊಂಡಿದ್ದರೆ ಕೆಲವು ಸಂಶ್ಲೇಷಕಗಳು ಕನ್ನಡ ಲಿಪಿಯನ್ನು ಕಂಡೊಡನೆ ಬಾಯಿಮುಚ್ಚಿಕೊಂಡು ಮುಂದೆ ಸಾಗುತ್ತವೆ. ಅಲ್ಲೊಂದು ಸಾಲಿತ್ತು ಎಂಬ ಸುಳಿವೂ ಕೇಳುಗನಿಗೆ ಸಿಗುವುದಿಲ್ಲ. ಇಸ್ಪೀಕ್‌ಗೆ ಲಿಪಿಯನ್ನು ನೋಡಿ ಭಾಷೆ ಬದಲಿಸುವ ಗುಣವಿದೆ. ನಮ್ಮ ಮೇಷ್ಟ್ರಿಗೆ ಅದು ಬಹಳ ಉಪಯೋಗಕ್ಕೆ ಬಂತು.

ನಾಲ್ಕನೆಯದು ಉಚ್ಚಾರಣೆ. ದನಿಯನ್ನು ಆರಿಸುವ ಮುನ್ನ ಕೆಲವು ಪದಗಳನ್ನು ಹೇಳಿಸಿ ಪರೀಕ್ಷಿಸಿ. ಅಂಗ, ಅಂಚೆ, ಅಂಟು, ಅಂದ, ಅಂಬಲಿ: ಬರಹದಲ್ಲಿ ಒಂದೇ ಸೊನ್ನೆ, ಬಾಯಲ್ಲಿ ಐದು ಬಗೆಯ ಅನುನಾಸಿಕ. ಬ್ರಹ್ಮ ಮತ್ತು ಚಿಹ್ನೆ: ಇಲ್ಲಿ ಬರಹದ ಕ್ರಮ ಬೇರೆ, ನಾಲಗೆಯ ಕ್ರಮ ಬೇರೆ. ಹಿಂದಿಯ ನಿಯಮಗಳ ಮೇಲೆ ಕಟ್ಟಿದ ದನಿಯಾದರೆ ‘ರಾಮ’ ಎಂಬುದು ‘ರಾಮ್’ ಆಗಿಬಿಡುತ್ತದೆ. ಪದದ ಕೊನೆಯ ಅಕಾರವನ್ನು ನುಂಗುವುದು ಹಿಂದಿಯ ಸ್ವಭಾವ, ಕನ್ನಡದ್ದಲ್ಲ. ಅಂಕಿಗಳಂತೂ ದೊಡ್ಡ ತೊಡಕು. ‘1995ರಲ್ಲಿ’ ಎಂದು ನಾವು ಬರೆಯುತ್ತೇವೆ. ಮನುಷ್ಯ ಅದರ ಕೊನೆಯನ್ನು ‘ತೊಂಬತ್ತೈದರಲ್ಲಿ’ ಎಂದು ಓದುತ್ತಾನೆ. ಯಂತ್ರಕ್ಕೆ ಕಾಣುವುದು ಒಂದು ಸಂಖ್ಯೆ, ಅದರ ಪಕ್ಕ ‘ರಲ್ಲಿ’ ಎಂಬ ತುಂಡು. ಅದು ‘ತೊಂಬತ್ತೈದು’ ಎಂದು ನಿಲ್ಲಿಸಿ, ‘ರಲ್ಲಿ’ ಎಂದು ಬೇರೆಯಾಗಿ ಹೇಳುತ್ತದೆ. ‘10ಕ್ಕೆ’ ಎಂಬುದು ‘ಹತ್ತಕ್ಕೆ’ ಆಗಬೇಕು, ‘3ನೆಯ’ ಎಂಬುದು ‘ಮೂರನೆಯ’ ಆಗಬೇಕು. ಕೊನೆಯ ಉಕಾರ ಬೀಳುತ್ತದೆ ಎಂಬ ಸಂಧಿಯ ಸಂಗತಿ ಮಗುವಿಗೂ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ನಾವು ಕೂತಿರುವ ಈ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಕ್ಲೈನ್‌ಬರ್ಗ್ ಎಂದು ಬರೆಯುವಾಗ ನಡುವಿನ ‘ನ್’ ಆದ ಮೇಲೆ, ಬ ಒತ್ತಾಗಬಾರದೆಂದು ಕಣ್ಣಿಗೆ ಕಾಣದ ಸಂಕೇತವೊಂದನ್ನು ಹಾಕುತ್ತೇವೆ. ಸಂಶ್ಲೇಷಕದ ನಿಯಮಪಟ್ಟಿ ಆ ಸಂಕೇತವನ್ನು ಗುರುತಿಸದಿದ್ದರೆ ಪದ ಎರಡು ಹೋಳಾಗುತ್ತದೆ. ವಲಸೆ ಬಂದ ನಮ್ಮ ಬರಹಗಳಲ್ಲಿ ಇಂಥ ಹೆಸರುಗಳೇ ಹೆಚ್ಚು.

ಮುಕ್ತ ತಂತ್ರಾಂಶದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಇಸ್ಪೀಕ್‌ನ ಕನ್ನಡ ನಿಯಮಗಳು ಎರಡು ಸಾಮಾನ್ಯ ಪಠ್ಯ ಕಡತಗಳಲ್ಲಿವೆ: ಒಂದರಲ್ಲಿ ಅಕ್ಷರದಿಂದ ಉಚ್ಚಾರಣೆಗೆ ಹೋಗುವ ನಿಯಮಗಳು, ಇನ್ನೊಂದರಲ್ಲಿ ಅಪವಾದಗಳು ಮತ್ತು ಅಂಕಿಗಳ ಹೆಸರುಗಳು. ವ್ಯಾಕರಣ ಬಲ್ಲ ಯಾರೂ ಅವುಗಳನ್ನು ತೆರೆದು ಓದಬಹುದು, ತಿದ್ದಬಹುದು, ಮತ್ತೆ ಸಂಕಲಿಸಿ ಕೇಳಿನೋಡಬಹುದು, ತಿದ್ದುಪಡಿಯನ್ನು ಎಲ್ಲರಿಗೂ ಕಳುಹಿಸಬಹುದು. ಅಷ್ಟು ಆಳಕ್ಕಿಳಿಯಲಾರದವರಿಗೆ ಓರ್ಕಾದಲ್ಲಿ ಉಚ್ಚಾರಣಾ ಕೋಶವೊಂದಿದೆ: ‘ಡಾ.’ ಎಂದಿದ್ದರೆ ‘ಡಾಕ್ಟರ್’ ಎನ್ನು, ‘ಕಿ.ಮೀ.’ ಎಂದಿದ್ದರೆ ‘ಕಿಲೋಮೀಟರ್’ ಎನ್ನು, ಎಂದು ತಮ್ಮ ಮನೆಯ ಮಟ್ಟಿಗೆ ಕಲಿಸಿಕೊಳ್ಳಬಹುದು. ಕನ್ನಡ ಎಂ.ಎ. ಮಾಡಿ ಇಲ್ಲಿ ಬಂದು ಬೇರೇನೋ ಕೆಲಸ ಮಾಡುತ್ತಿರುವ ಎಷ್ಟು ಜನ ನಮ್ಮ ನಡುವೆ ಇದ್ದಾರೆ! ಕೇಶಿರಾಜನನ್ನು ಪರೀಕ್ಷೆಗಾಗಿ ಓದಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

‘ಅಷ್ಟೆಲ್ಲ ಕಷ್ಟ ಏಕೆ? ಮನುಷ್ಯರಂತೆಯೇ ಮಾತಾಡುವ ಕೃತಕ ಬುದ್ಧಿಮತ್ತೆಯ ದನಿಗಳು ಬಂದಿವೆಯಲ್ಲ’ ಎಂದು ನೀವು ಕೇಳಬಹುದು. ಬಂದಿವೆ, ಕನ್ನಡದಲ್ಲೂ ಇಂಪಾದ ದನಿಗಳಿವೆ. ಆದರೆ ಮೂರು ಮಾತುಗಳನ್ನು ಗಮನಿಸಬೇಕು. ಪುಸ್ತಕ ಕೇಳುವುದು ಬೇರೆ, ಕಂಪ್ಯೂಟರ್ ನಡೆಸುವುದು ಬೇರೆ. ಕೀಲಿ ಒತ್ತಿದ ಕ್ಷಣವೇ ಅಕ್ಷರ ಕೇಳಿಸಬೇಕು, ಮುಂದಿನ ಕೀಲಿ ಒತ್ತಿದೊಡನೆ ಹಿಂದಿನ ಮಾತು ನಿಲ್ಲಬೇಕು. ಪಳಗಿದ ಬಳಕೆದಾರರು ಸಾಮಾನ್ಯ ಮಾತಿನ ಎರಡು ಪಟ್ಟು, ಅದಕ್ಕೂ ಹೆಚ್ಚಿನ ವೇಗದಲ್ಲಿ ಕೇಳುತ್ತಾರೆ. ಆ ವೇಗದಲ್ಲಿ ಇಸ್ಪೀಕ್‌ನ ಒರಟು ದನಿ ಸ್ಪಷ್ಟವಾಗಿ ಉಳಿಯುತ್ತದೆ, ಇಂಪಾದ ದನಿ ಕಲಸಿಹೋಗುತ್ತದೆ. ಎರಡನೆಯದಾಗಿ, ಆ ಇಂಪಾದ ದನಿಗಳಲ್ಲಿ ಅನೇಕವು ಕಂಪನಿಗಳ ಸರ್ವರಿನಲ್ಲಿವೆ. ಅಂದರೆ ನೀವು ಓದುವ ಪ್ರತಿಯೊಂದು ಸಾಲೂ, ಮಗನ ಪತ್ರ, ವೈದ್ಯರ ವರದಿ, ಚಳವಳಿಯ ಕರಪತ್ರ, ಎಲ್ಲವೂ ಮೊದಲು ಅಲ್ಲಿಗೆ ಹೋಗಿ ಬರಬೇಕು. ಕಣ್ಣಿರುವವರು ಯಾರೂ ಒಪ್ಪದ ಷರತ್ತನ್ನು ಕಣ್ಣಿಲ್ಲದವರ ಮೇಲೆ ಹೇರುವುದು ಸರಿಯೇ? ಮೂರನೆಯದು, ಆ ದನಿ ಯಾರ ಕನ್ನಡವನ್ನು ಆಡುತ್ತದೆ ಎಂಬುದು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಅದರ ಕೈಯಲ್ಲಿ ಓದಿಸಿ ನೋಡಿ. ವಾರ್ತಾವಾಚಕರ ಶಿಷ್ಟ ಕನ್ನಡದಲ್ಲಿ ತರಬೇತಾದ ಯಂತ್ರಕ್ಕೆ ಚಾಮರಾಜನಗರದ ಸೀಮೆಯ ನುಡಿ ತಪ್ಪು ಕಾಗುಣಿತದಂತೆ ಕಾಣುತ್ತದೆ. ಕಲಬುರಗಿಯ, ಧಾರವಾಡದ, ಕುಂದಾಪುರದ, ಕಾಸರಗೋಡಿನ ಕನ್ನಡಗಳ ಗತಿಯೂ ಅದೇ. ಯಾವುದು ‘ಸರಿಯಾದ’ ಕನ್ನಡ ಎಂಬ ಹಳೆಯ ಯಜಮಾನಿಕೆ ಹೊಸ ಯಂತ್ರದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಹಾಗೆಂದು ನಾಡಿನಲ್ಲಿ ಕೆಲಸವೇ ಆಗಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಹರಿಹರನ್ ಅವರು ಸಿಂಪ್ಯೂಟರ್ ಎಂಬ ಅಗ್ಗದ ಸಾಧನದ ಕಾಲದಲ್ಲಿ ‘ಧ್ವನಿ’ ಎಂಬ ಮುಕ್ತ ಸಂಶ್ಲೇಷಕವನ್ನು ಆರಂಭಿಸಿದರು; ಮುಂದೆ ಮಲಯಾಳದ ಮುಕ್ತ ತಂತ್ರಾಂಶ ಕಾರ್ಯಕರ್ತ ಸಂತೋಷ್ ತೋಟಿಂಗಲ್ ಅದನ್ನು ಬೆಳೆಸಿದರು. ಅದರಲ್ಲಿ ಕನ್ನಡವೂ ಇತ್ತು. ಅದೇ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಮತ್ತು ತಮಿಳಿಗೆ ಸಂಶ್ಲೇಷಕಗಳನ್ನು ಕಟ್ಟಿತು. ಮದರಾಸಿನ ಐಐಟಿಯಲ್ಲಿ ಹೇಮಾ ಮೂರ್ತಿ ಅವರ ನೇತೃತ್ವದ ಕೂಟ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ದನಿಗಳನ್ನು ರೂಪಿಸಿತು. ಕೊರತೆಯಿರುವುದು ಪ್ರತಿಭೆಯದ್ದಲ್ಲ, ಮುಂದುವರಿಕೆಯದ್ದು. ಯೋಜನೆಯ ಹಣ ಮುಗಿಯುತ್ತದೆ, ವಿದ್ಯಾರ್ಥಿಗಳು ಪದವಿ ಪಡೆದು ಹೊರಡುತ್ತಾರೆ, ಲಿನಕ್ಸ್‌ನ ಮುಂದಿನ ಆವೃತ್ತಿಗೆ ಅದನ್ನು ಹೊಂದಿಸುವ ಬೇಸರದ ಕೆಲಸಕ್ಕೆ ಯಾರೂ ಇರುವುದಿಲ್ಲ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ನಿರ್ವಹಣೆಗೆ ಯಾರೂ ಬರುವುದಿಲ್ಲ.

ಕಾನೂನುಗಳೂ ಇವೆ. ಮುದ್ರಿತ ಪುಸ್ತಕ ಓದಲಾರದವರಿಗೆ ಅವರು ಓದಬಲ್ಲ ಪ್ರತಿಗಳನ್ನು ಮಾಡಿಕೊಡಲು ಕೃತಿಸ್ವಾಮ್ಯ ಅಡ್ಡಬಾರದಂತೆ ನೋಡಿಕೊಳ್ಳುವ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಒಪ್ಪಂದ ಜಾರಿಗೆ ಬರಲು 20 ದೇಶಗಳು ಬೇಕಿತ್ತು. ಇಪ್ಪತ್ತನೆಯದಾಗಿ 2016ರಲ್ಲಿ ಸೇರಿದ್ದು ಕೆನಡಾ. ನಾವು ಬಿಟ್ಟುಬಂದ ದೇಶ ಮೊದಲನೆಯದು, ಬಂದು ಸೇರಿದ ದೇಶ ಇಪ್ಪತ್ತನೆಯದು. ಭಾರತದಲ್ಲಿ ಅದೇ 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂತು. ಇಲ್ಲಿ ಒಂಟಾರಿಯೊ 2005ರಲ್ಲಿ ಕಾಯಿದೆ ಮಾಡಿ, 2025ರೊಳಗೆ ಪ್ರಾಂತ್ಯವೆಲ್ಲ ಅಂಗವಿಕಲರಿಗೆ ಎಟುಕುವಂತಾಗಬೇಕೆಂದು ಗಡುವು ಹಾಕಿಕೊಂಡಿತ್ತು. ಗಡುವು ಕಳೆದಿದೆ, ಕೆಲಸ ಮುಗಿದಿಲ್ಲ. ಕಾಯಿದೆ ಬಾಗಿಲು ತೆರೆಯಬಹುದು. ಒಳಗೆ ಓದಲು ಕನ್ನಡ ಇದೆಯೇ ಎಂಬುದು ನಮ್ಮ ಪ್ರಶ್ನೆ.

ಆಗ ಹೇಳಿದ ಪಠ್ಯದ ದೋಷಕ್ಕೆ ಈಗ ಬರುತ್ತೇನೆ. ಯೂನಿಕೋಡ್ ಬರುವ ಮುನ್ನಿನ ಫಾಂಟುಗಳಲ್ಲಿ ಟೈಪಾದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಪ್ರಾಮಾಣಿಕವಾಗಿ ಓದುತ್ತದೆ. ಸಾವಿರಾರು ಪುಟಗಳ ಸಂಶೋಧನೆ, ಅಕಾಡೆಮಿಗಳ ಪ್ರಕಟಣೆ, ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆಗಳು ಈ ಸ್ಥಿತಿಯಲ್ಲಿವೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೂ ಕಡೆ; ಅದು ಅಕ್ಷರವೇ ಅಲ್ಲ, ಚಿತ್ರ. ಇನ್ನು ನಾವು, ಪ್ರಗತಿಪರರೆಂದು ಕರೆದುಕೊಳ್ಳುವವರು, ಏನು ಮಾಡುತ್ತಿದ್ದೇವೆ? ಪ್ರತಿಭಟನೆಯ ಕರೆಯನ್ನು ಬಣ್ಣಬಣ್ಣದ ಚಿತ್ರವಾಗಿ ವಾಟ್ಸಾಪಿಗೆ ಹಾಕುತ್ತೇವೆ. ಕವಿತೆಯನ್ನು ಹಿನ್ನೆಲೆ ಚಿತ್ರದ ಮೇಲೆ ಅಚ್ಚುಹಾಕಿ ಹಂಚುತ್ತೇವೆ. ‘ಎಲ್ಲರನ್ನೂ ಒಳಗೊಳ್ಳುವ ಸಮಾಜ’ದ ಬಗೆಗಿನ ವಿಚಾರ ಸಂಕಿರಣದ ಆಮಂತ್ರಣ ಕೂಡ ಚಿತ್ರವೇ. ನಮ್ಮ ಮೇಷ್ಟ್ರಿಗೆ ಅದು ಹೇಗೆ ತಲುಪುತ್ತದೆ ಗೊತ್ತೇ? ‘ಚಿತ್ರ’ ಎಂಬ ಒಂದೇ ಪದವಾಗಿ.

ಆದುದರಿಂದ ನಾಲ್ಕು ಸಣ್ಣ ಕೆಲಸಗಳನ್ನು ಈ ಸಭೆಯ ಮುಂದಿಡುತ್ತೇನೆ. ಒಂದು: ಚಿತ್ರವಾಗಿ ಹಾಕುವ ಯಾವುದನ್ನೇ ಆಗಲಿ, ಜೊತೆಗೆ ಯೂನಿಕೋಡ್ ಪಠ್ಯವಾಗಿಯೂ ಹಾಕೋಣ. ಎರಡು: ನಮ್ಮ ಜಾಲಪತ್ರಿಕೆಗಳ ಪುಟಗಳಲ್ಲಿ ಭಾಷೆ ಕನ್ನಡವೆಂದು ಗುರುತು ಹಾಕಿಸೋಣ, ಒಂದೇ ಸಾಲಿನ ಕೆಲಸ, ಸ್ಕ್ರೀನ್ ರೀಡರ್ ದನಿ ಬದಲಿಸುವುದು ಅದನ್ನು ನೋಡಿಯೇ. ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿದರೆ ಲೇಖನದಿಂದ ಲೇಖನಕ್ಕೆ ಒಂದು ಕೀಲಿಯಲ್ಲಿ ಹಾರಬಹುದು. ಮೂರು: ನಮ್ಮಲ್ಲಿನ ಲೇಖಕರು ತಮ್ಮ ಪುಸ್ತಕಗಳ ಮೂಲ ಕಡತಗಳನ್ನು ಯೂನಿಕೋಡ್‌ಗೆ ತಂದು, ಅಂಧರ ಗ್ರಂಥಾಲಯಗಳಿಗೆ ಕೊಡುವ ನಿರ್ಧಾರ ಮಾಡಲಿ. ನಾಲ್ಕು: ತಿಂಗಳಿಗೊಂದು ಸಂಜೆ ನಾವು ಐದಾರು ಜನ ಕುಳಿತು, ಇಸ್ಪೀಕ್ ಕನ್ನಡ ಓದುವುದನ್ನು ಕೇಳಿ, ತಪ್ಪುಗಳನ್ನು ಪಟ್ಟಿಮಾಡಿ, ನಿಯಮಗಳನ್ನು ತಿದ್ದಿ ಕಳುಹಿಸೋಣ. ಆ ಗುಂಪಿನಲ್ಲಿ ಕಣ್ಣು ಕಾಣದ ಬಳಕೆದಾರರು ಇರಲೇಬೇಕು. ಯಾವ ತಪ್ಪು ಕಿವಿಗೆ ಚುಚ್ಚುತ್ತದೆ, ಯಾವುದನ್ನು ಸಹಿಸಬಹುದು ಎಂದು ತೀರ್ಮಾನಿಸುವವರು ಅವರು, ನಾವಲ್ಲ. ಅವರಿಲ್ಲದೆ ನಾವು ಮಾಡುವ ತಿದ್ದುಪಡಿ ನಮ್ಮ ಆತ್ಮತೃಪ್ತಿಗಷ್ಟೇ ಆದೀತು.

ಇವು ದೊಡ್ಡ ಕ್ರಾಂತಿಯ ಕೆಲಸಗಳಲ್ಲವೆಂದು ನನಗೆ ಗೊತ್ತು. ಆದರೆ ಊರಿನಿಂದ ಇಷ್ಟು ದೂರದಲ್ಲಿ ಕುಳಿತು ಕನ್ನಡಕ್ಕಾಗಿ ನಾವು ಮಾಡಬಲ್ಲ ಕೆಲಸಗಳಲ್ಲಿ, ಮಾಡಿದ ಮರುದಿನವೇ ರಾಯಚೂರಿನ ಒಬ್ಬ ವಿದ್ಯಾರ್ಥಿನಿಗೆ, ಮಂಜೇಶ್ವರದ ಒಬ್ಬ ಗುಮಾಸ್ತನಿಗೆ, ಇಲ್ಲಿಯೇ ಪಕ್ಕದ ಬೀದಿಯ ಒಬ್ಬ ಅಜ್ಜಿಗೆ ಒಟ್ಟಿಗೆ ತಲುಪುವಂಥದ್ದು ಎಷ್ಟಿವೆ? ಮುಂದಿನ ತಿಂಗಳ ಮೊದಲ ಭಾನುವಾರದಿಂದಲೇ ಆರಂಭಿಸೋಣ ಎಂಬುದು ನನ್ನ ಕೋರಿಕೆ. ಬರುವವರು ಲ್ಯಾಪ್‌ಟಾಪು ತನ್ನಿ, ಕಿವಿಯನ್ನೂ ತನ್ನಿ. ಮೇಷ್ಟ್ರು ಬರುತ್ತೇನೆಂದಿದ್ದಾರೆ, ತಪ್ಪುಗಳ ಪಟ್ಟಿ ಅವರ ಬಳಿ ಆಗಲೇ ಸಿದ್ಧವಿದೆ.